ಹೊಳೆಯ ದಂಡೆಯಲ್ಲಿ ಆಡದ ಮಾತು

ಬೆಳಗಾವಿ
18 ಜುಲೈ 2024
ಭಾವ ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ.

ಪ್ರೀತಿಯ ಸಮೃದ್ಧಿ,

"ಮಾಮಾ, ಖರೇ ಹೇಳ್ರಿ, ಅಪ್ಪಗ ನನ್ನ ಈ ಮದವಿ ಬೇಕಾಗಿತ್ತೇನು?" ಎಂದು ನೀನು ಫೋನಿನಲ್ಲಿ ಕೇಳಿ ಎಂಟು ದಿನವಾಯಿತು. ಬರೆದು ತಿಳಿಸುತ್ತೇನೆ ಎಂದವನು ಇಂದು ಕೂತಿದ್ದೇನೆ. ತಪ್ಪು ನನ್ನದು. ಅಕ್ಕ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ?

ಪ್ರತಿ ಶನಿವಾರ ಮಚ್ಛೆಯ ಕಾರ್ಖಾನೆ ಬಿಟ್ಟ ಮೇಲೆ, ಉಳಿದವರು ಖಾನಾಪುರದ ಬಸ್ಸು ಹತ್ತಿದರೆ, ನಿನ್ನ ಅಪ್ಪ ಎದುರು ದಿಕ್ಕಿನ ಬಸ್ಸು ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ "ಎಲ್ಲಿತನಾ ಬಂತೋ ನಿನ್ನ ರಷ್ಯಾ?" ಎನ್ನುವರು. ಕನ್ನಡಕ್ಕೆ ಬಂದ ರಷ್ಯನ್ ಕಾದಂಬರಿಗಳನ್ನು ನಾನು ಓದಿ ಹೇಳಬೇಕಿತ್ತು. "ಒಬ್ಬ ಮನಷ್ಯಾಗ ಮೂರು ಹೆಸರು ಯಾಕೋ ಅಮರ? ಇವನ್ನ ಈರಯ್ಯ ಅನ್ನೂಣು." ಮುಂದಿನ ವಾರ, "ಈರಯ್ಯಗ ಜ್ವರಾ ಇಳೀತೇನು?" ಈಗ ಅದೇ ಪುಸ್ತಕ ತೆರೆದರೆ ಆ ಹೆಸರುಗಳು ಯಾರವೆಂದು ನನಗೇ ತಿಳಿಯುವುದಿಲ್ಲ.

ಹತ್ತನೆಯ ದಿನ ಹೊಳೆಯ ದಂಡೆಗೆ ಹೆಂಗಸರು ಬರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಪಿಂಡ ಇಟ್ಟು ಅರ್ಧ ತಾಸಾದರೂ ಕಾಗೆ ಮರದಿಂದ ಇಳಿಯಲಿಲ್ಲ. "ಸಾತಪ್ಪನ ಮನಸಿನ್ಯಾಗ ಏನೋ ಉಳದೈತಿ. ಯಾರರ ಮಾತು ಕೊಡ್ರಿ," ಎಂದರು ನಿಮ್ಮ ಮನೆಗೆ ಹಿರಿಯರಾದ ಭರಮಪ್ಪ ಕಾಕಾ. ನಿನ್ನ ಅವ್ವನನ್ನು ನೋಡಿಕೊಳ್ಳುತ್ತೇನೆ ಎಂದು ನಾನು ಹೇಳಿದೆ. ಕಾಗೆ ಅಲುಗಲಿಲ್ಲ. ಆಗ ಕಾಕಾ ಕೈಮುಗಿದು, "ಸಮೃದ್ಧಿನ್ನ ಸೋದರಮಾವನ ಮನಿಗೇ ಕೊಡ್ತೀವಪಾ, ಅಮರನ ಮಗ ರೋಹನಗ. ವರ್ಷದೊಳಗ," ಎಂದರು. ಕಾಗೆ ಇಳಿದು ಅನ್ನ ಮುಟ್ಟಿತು. "ನೋಡ್ರಿ, ಹೂಂ ಅಂದ ಸಾತಪ್ಪ." ಹಲವರು ಕಣ್ಣೊರೆಸಿಕೊಂಡರು. ಮದುವೆ ನಿಶ್ಚಯವಾದದ್ದು ಇಷ್ಟರಿಂದಲೇ.

ಮಳೆ ಹೆಚ್ಚಾಗಿದೆ, ಅಕ್ಕನನ್ನು ಬೆಚ್ಚಗಿಡು. ನಿನ್ನ ಅಪ್ಪನ ನಗು ನಿನ್ನ ಮುಖಕ್ಕೆ ಬೇಗ ಬರಲಿ.

ನಿನ್ನ ಮಾಮಾ,
ಅಮರ

ಮರೆತದ್ದಲ್ಲ, ಬರೆಯಲಾಗದೆ ಉಳಿಸಿದ್ದು: ಆಸ್ಪತ್ರೆಯಲ್ಲಿ, ಹೋಗುವ ಹಿಂದಿನ ದಿನ ಮಧ್ಯಾಹ್ನ, ಭಾವ ನನ್ನ ಕೈ ಹಿಡಿದು, "ಅಕಿ ನರ್ಸಿಂಗ್ ಮುಗಸಲಿ. ಯಾರರ ಮದವಿಗೆ ಅವಸರಾ ಮಾಡಿದ್ರ ತಡಿ. ನಿನ್ನ ಮನ್ಯಾವ್ರೇ ಆದ್ರೂ ತಡಿ," ಎಂದಿದ್ದರು. ಹೂಂ ಎಂದಿದ್ದೆ. ದಂಡೆಯಲ್ಲಿ ಆ ಮಾತು ನನ್ನ ಬಾಯಲ್ಲೇ ಇತ್ತು. ನಾನು ಕಾಗೆಯನ್ನು ನಂಬುವವನಲ್ಲ. ಆದರೆ ನೀನು ನಮ್ಮ ಮನೆಗೆ ಸೊಸೆಯಾಗಿ ಬರಲೆಂದು ನನಗೂ ನಿನ್ನ ಅತ್ತೆಗೂ ಬಹಳ ವರ್ಷಗಳ ಆಸೆ. ಕಾಗೆ ಇಳಿದಾಗ ನನಗೆ ಸಂತೋಷವಾಯಿತು. ಭಾವ ಹೋಗಿ ಹತ್ತೇ ದಿನವಾಗಿತ್ತು, ನನಗೆ ಸಂತೋಷವಾಯಿತು.

ಈ ರವಿವಾರ ಖಾನಾಪುರಕ್ಕೆ ಬಂದು, ಭರಮಪ್ಪ ಕಾಕಾನ ಎದುರಿಗೆ, ಎಲ್ಲರೂ ಕೇಳುವಂತೆ ಇದನ್ನು ಹೇಳುತ್ತೇನೆ. ನಿನ್ನ ಅತ್ತೆಗೆ, ರೋಹನನಿಗೆ ಇನ್ನೂ ಹೇಳಿಲ್ಲ.