ರೇಡಿಯೋ ಜೋರು ಮಾಡಿದ ಸಂಜೆಗಳು

ಶಹಾಡ್, 14 ಮಾರ್ಚ್ 1979, ಬುಧವಾರ

ಪಾರವ್ವನ ಮಾತು ತಲೆಯಿಂದ ಹೋಗುತ್ತಿಲ್ಲ.

ಬೆಟಗೇರಿಯ ಕ್ರೈಸ್ತ ಸಭೆಯಲ್ಲಿ ಭಾನುವಾರದ ಶಾಲೆ ನಡೆಸಿದವನು ನಾನು. ಕಾರ್ಖಾನೆ ಕೆಲಸಕ್ಕೆ ಇಲ್ಲಿಗೆ ಬಂದಾಗ ಬಾಡಿಗೆಗೆ ಖೋಲಿ ಸಿಗಲಾರದೆಂದು ಹೆದರಿ, ನಾವು ಕ್ರೈಸ್ತರಲ್ಲ ಎಂದು ಚಾಳಿನ ಮಾಲೀಕನಿಗೆ ಹೇಳಿಬಿಟ್ಟೆ. ಆಮೇಲೆ ಸಂಜೆ ಹೆಂಡತಿ ಸುಗುಣಾ ಪ್ರಾರ್ಥನೆಗೆ ಕೂತಾಗಲೆಲ್ಲ, ಪಕ್ಕದವರಿಗೆ ಕೇಳಿಸದಿರಲೆಂದು ರೇಡಿಯೋ ಜೋರು ಮಾಡುತ್ತಿದ್ದೆ. ಕಳೆದ ದೀಪಾವಳಿಗೆ ಮುಂಚೆ ತವರಿಗೆ ಹೋದವಳು ಅಲ್ಲೇ ತೀರಿಕೊಂಡಳು.

ಇವತ್ತು ಪಕ್ಕದ ಖೋಲಿಯ ಪಾರವ್ವ ಬಂದು ಬಾಗಿಲಲ್ಲಿ ನಿಂತಳು.

"ಅಣ್ಣಾರ, ನಮ್ಮ ಹುಡುಗಿ ಮೈ ಕೆಂಡದಂಗ ಸುಡಾಕತ್ತೈತಿ. ಡಾಕ್ಟರು ಔಷಧ ಕೊಟ್ಟಾರ. ಅಕ್ಕಾರು ಇದ್ದಿದ್ರ ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥನಾ ಮಾಡ್ತಿದ್ರು. ನೀವರ ಬರ್ರಿ."

"ನಾವು ಕ್ರೈಸ್ತರಂತ ನಿಮಗ ಹ್ಯಾಂಗ ಗೊತ್ತು?"

"ನಿಮ್ಮ ರೇಡಿಯೋ ಜೋರಾತಂದ್ರ ಪ್ರಾರ್ಥನಾ ಶುರು ಆತು ಅಂತ ಇಡೀ ಚಾಳಿಗೇ ಗೊತ್ತಿತ್ತು, ಬಿಡ್ರಿ."

ನಗುತ್ತಲೇ ಅಂದಳು. ಹಾಗಾದರೆ ನಾನು ಮುಚ್ಚಿಟ್ಟದ್ದು ಯಾರಿಂದ? ಸುಗುಣಾಳ ದನಿ ಕೇಳಿಸದೆ ಹೋದದ್ದು ನನಗೊಬ್ಬನಿಗೇ. ಅವಳು ನನಗಾಗಿ ಏನು ಬೇಡುತ್ತಿದ್ದಳೋ, ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ.

ಹೋದೆ. ಹುಡುಗಿಯ ತಲೆಯ ಮೇಲೆ ಕೈಯಿಟ್ಟೆ. ನೆರೆಯವರೆಲ್ಲ ಬಾಗಿಲಲ್ಲಿ ಕೂಡಿದ್ದರು. ಕರ್ತನೇ, ಮೊದಲು ನನ್ನನ್ನು ಕ್ಷಮಿಸು ಎಂದು ಎಲ್ಲರಿಗೂ ಕೇಳಿಸುವಂತೆ ಅಂದೆ. ಆಮೇಲೆ ಹುಡುಗಿಗಾಗಿ ಬೇಡಿದೆ. ಇಷ್ಟು ವರ್ಷ ಕಾಡಿದ ಹೆದರಿಕೆ ಆಗ ಇರಲಿಲ್ಲ.

ಜ್ವರ ಇನ್ನೂ ಇಳಿದಿಲ್ಲ. ಬೆಳಿಗ್ಗೆ ಪಾಳಿಗೆ ಹೊರಡುವ ಮುಂಚೆ ಮತ್ತೆ ಹೋಗುತ್ತೇನೆ. ಇದೇ ನಾನು ಸುಗುಣಾಳ ಪಕ್ಕದಲ್ಲಿ ಒಂದು ಸಂಜೆಯಾದರೂ ಕೂತು ಅವಳ ಪ್ರಾರ್ಥನೆ ಕೇಳಲಿಲ್ಲವಲ್ಲ.