ತಪ್ಪು ಪ್ರಶ್ನೆಗೂ ಉತ್ತರ

೨೧ ನವೆಂಬರ್ ೨೦೨೫, ಶುಕ್ರವಾರ. ಖಾನಾಪುರ

ಪದ್ಮಶ್ರೀ ಆಡಿದ ಮಾತು ತಲಿಯಿಂದ ಹೋಗವಲ್ದು.

ನಾ ಕಲಿಸಿದ ಗಣಿತದಾಗ ನೂರಕ್ಕ ನೂರು ತಗೊಂಡ ನನ್ನ ಹಳೇ ವಿದ್ಯಾರ್ಥಿನಿ. ಅವಳ ಫೋಟೋ ಇನ್ನೂ ನಮ್ಮ ಸಾಲಿ ಗೇಟಿನ ಬೋರ್ಡಿನ ಮ್ಯಾಲೈತಿ. ಹತ್ತನೇ ಕ್ಲಾಸಿನವರಿಗೆ ನಾಕು ಮಾತು ಹೇಳಾಕ ಕರಿಯೂಣು ಅಂತ ಮುಂಜಾನೆ ರಜೆ ಹಾಕಿ, ಅವಳು ಕೆಲಸ ಮಾಡುವ ಮಚ್ಛೆಯ ಕಾರ್ಖಾನೆಗೆ ಹೋದೆ.

ಮೂಲ್ಯಾಗ ಕೆಲಸಕ್ಕ ಬಾರದ ಮುನ್ನೂರು ಕಬ್ಬಿಣದ ತುಂಡು ಬಿದ್ದಿದ್ದವು. ಮಾಡಾಕ ಕೊಟ್ಟ ಡ್ರಾಯಿಂಗಿನಲ್ಲೇ ಅಳತೆ ತಪ್ಪಿತ್ತಂತೆ. ಮೊದಲನೇ ತುಂಡಿಗೇ ಪದ್ಮಶ್ರೀಗೆ ಅದು ಗೊತ್ತಾಗಿತ್ತಂತೆ. ಆದರೂ ಮುನ್ನೂರೂ ಮಾಡಿ ಮುಗಿಸಿದ್ದಳು.

"ಗೊತ್ತಿದ್ದೂ ಯಾಕ ಕೇಳಲಿಲ್ಲವ್ವಾ?" ಅಂದೆ.

"ನೀವ ಹೇಳಿದ್ರಲ್ರೀ ಟೀಚರ್, ಪ್ರಶ್ನಿ ತಪ್ಪಿದ್ರೂ ಸುಮ್ನ ಉತ್ತರ ಬರದು ಬರ್ರಿ, ಮಾರ್ಕ್ಸ್ ಕೊಡ್ತಾರ ಅಂತ."

ಕೊಂಕು ಇರಲಿಲ್ಲ ಅವಳ ದನಿಯೊಳಗ. ಚುಚ್ಚಿದ್ದು ಅದೇ.

ಮಾಲೀಕ ಮಾರ್ತಾಂಡ ಅವರು ಸಿಟ್ಟಿಗೇಳಲಿಲ್ಲ. "ನಮ್ಮ ಮಾಲು ಹೊರದೇಶಕ್ಕ ಹೋಗ್ತೈತ್ರಿ. ಅಲ್ಲಿ ಯಾರೂ ಮಾರ್ಕ್ಸ್ ಕಾರ್ಡ್ ಕೇಳಂಗಿಲ್ಲ. ತುಂಡು ಮಷೀನಿನಾಗ ಬರೋಬರ್ ಕೂಡ್ತೈತೇನು, ಅಷ್ಟ ನೋಡ್ತಾರ. ಕೂಡಲಿಲ್ಲಂದ್ರ ಬ್ಯಾರೆ ದೇಶದವರ ಕಡೆ ತಗೋತಾರ" ಅಂದರು.

ಶೇಕಡಾ ನೂರು ಫಲಿತಾಂಶದ ಸಾಲಿ ನಮ್ಮದು. ದೇಶ ಮುಂದ ಬರೂದು ಇದರಿಂದನ ಅಂತ ಪ್ರತಿ ವರ್ಷ ಭಾಷಣ ಮಾಡೀನಿ, ಖರೇ ಅಂತ ನಂಬೇ ಮಾಡೀನಿ.

ಮಧ್ಯಾಹ್ನ ಸಾಲಿಗೆ ಬಂದವಳೇ ಹತ್ತನೇ ಕ್ಲಾಸಿಗೆ ಬೇಕಂತಲೇ ಒಂದು ತಪ್ಪು ಲೆಕ್ಕ ಕೊಟ್ಟೆ. ತ್ರಿಭುಜದ ಬಾಹುಗಳು ಮೂರು, ನಾಲ್ಕು, ಒಂಬತ್ತು, ವಿಸ್ತೀರ್ಣ ಎಷ್ಟು? ಮೂರು, ನಾಲ್ಕು ಕೂಡಿಸಿದರೂ ಒಂಬತ್ತು ಮುಟ್ಟೂದಿಲ್ಲ, ಅಂಥ ತ್ರಿಭುಜ ಇರಾಕ ಸಾಧ್ಯನ ಇಲ್ಲ. ಯಾರಾದರೂ ಎದ್ದು ಹೇಳಲಿ ಅಂತ ಕಾದೆ.

ನಲವತ್ತೊಂದು ಮಕ್ಕಳು. ಒಂದು ಕೈಯೂ ಮ್ಯಾಲೆ ಬರಲಿಲ್ಲ. ಎಲ್ಲರೂ ಏನೋ ಒಂದು ಉತ್ತರ ಬರೆದು, ಅದರ ಕೆಳಗೆ ನೀಟಾಗಿ ಎರಡು ಗೆರೆ ಎಳೆದಿದ್ದರು, ನಾನು ಕಲಿಸಿದ ಹಾಗೇ.