ಒತ್ತಡ ಕಳೆಯಲು ಬಂದ ನಾಯಿ

ಗುರುವಾರ, ಆಗಸ್ಟ್ ೧೪. ಹೋಬಾರ್ಟ್.

ಅಲಿಸ್ಟರನ ಆ ನಗು ಇನ್ನೂ ಕಣ್ಣಿಂದ ಹೋಗಿಲ್ಲ. ಕಿರಿಯ ವಕೀಲರ ಒತ್ತಡ ಕಳೆಯಲೆಂದು ನಮ್ಮ ವಕೀಲಿ ಕಚೇರಿಯ ಯಜಮಾನನಾದ ಅವನು ಇವತ್ತು ಬಾಡಿಗೆ ನಾಯಿ ತರಿಸಿದ್ದ. ವಾರಗಳಿಂದ ರಜೆ ಕಾಣದ ಬ್ರಯೋನಿ ಅದರ ಕತ್ತಿಗೆ ಮುಖವೊತ್ತಿ ಅತ್ತಳು. ಕಚೇರಿಯ ಪ್ರಚಾರಕ್ಕೆಂದು ಅಲಿಸ್ಟರ್ ಫೋಟೊ ತೆಗೆದ. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಒಂದು ಗಂಟೆ ಕಳೆಯುತ್ತಲೇ ನಾಯಿಯ ಒಡತಿ ಎದ್ದಳು. "ಸಾಕಪ್ಪ, ಇನ್ನೂ ದುಡಿಸಿದ್ರೆ ಇವನಿಗೆ ಸುಸ್ತಾಗುತ್ತೆ. ಗಂಟೆಗಿಂತ ಹೆಚ್ಚಿಗೆ ನಿಯಮಾನೂ ಒಪ್ಪಲ್ಲ."

"ಅಯ್ಯೋ ಪಾಪ, ಮೂಕಪ್ರಾಣಿ! ಕರ್ಕೊಂಡ್ಹೋಗಿ," ಎಂದ ಅಲಿಸ್ಟರ್, ಹಾಗೇ ಬ್ರಯೋನಿಯತ್ತ ತಿರುಗಿದ. "ಮನಸ್ಸು ಹಗುರಾಯ್ತಲ್ಲಮ್ಮ? ಹಾಗಾದ್ರೆ ಈ ಭಾನುವಾರಾನೂ ಬಂದ್ಬಿಡು."

"ಅವತ್ತು ಅಮ್ಮನ ಹುಟ್ಟುಹಬ್ಬ..." ಎಂದವಳು ಅವನ ಮುಖ ನೋಡಿ, "ಬರ್ತೀನಿ ಬಿಡಿ," ಎಂದಳು.

ಆಗಲೇ ಅವನು ನಕ್ಕದ್ದು. ನಾಯಿ ಅಷ್ಟರಲ್ಲಿ ಲಿಫ್ಟ್ ಹತ್ತಿ ಮನೆಗೆ ಹೊರಟಿತ್ತು.